ಟ್ಯಾಬ್ ಮ್ಯಾಲ ಮೌಸ್ ಇಟ್ರ ಕಾಣೋ ಸಣ್ಣ ಚಿತ್ರ: ಎಲ್ಲಿ ಉಪಯೋಗ, ಎಲ್ಲಿ ಮೋಸ?

ನಾಗನೂರ (ಮೂಡಲಗಿ): ಬೆಳಗಾವಿ ಜಿಲ್ಲೆಯಲ್ಲಿ ನಾಗನೂರ ಅಂತ ಹೇಳಿದರೆ ಮುಂದಿನ ಪ್ರಶ್ನೆ ಒಂದೇ: "ಯಾವ ನಾಗನೂರ್ರಿ?" ಮೂಡಲಗಿ ತಾಲೂಕಿನಲ್ಲೊಂದು ನಾಗನೂರ ಇದೆ, ಹುಕ್ಕೇರಿ ಕಡೆ ಹೋದರೆ ಅಲ್ಲೂ ನಾಗನೂರ ಇದೆ. ಮೂಡಲಗಿಯ ನಾಗನೂರ ಹಿಂದೆ ಗೋಕಾಕ ತಾಲೂಕಿನಲ್ಲಿತ್ತು. ಹಾಗಾಗಿ ಹಳೇ ಕಾಗದಪತ್ರದಲ್ಲಿ "ತಾ: ಗೋಕಾಕ" ಅಂತಲೇ ಇರುತ್ತದೆ, ಹಿರಿಯರ ಬಾಯಲ್ಲೂ ಇನ್ನೂ ಹಂಗೇ ಬರುತ್ತದೆ. ಬಸ್ಸಿನಲ್ಲಿ ಈ ಗೊಂದಲ ಆದರೆ ಕಂಡಕ್ಟರ್ ಒಂದು ಮಾತು ಕೇಳಿ ಸರಿ ಮಾಡುತ್ತಾನೆ. ಕಂಪ್ಯೂಟರ್ ಮುಂದೆ ಆದರೆ ಕೇಳುವವರು ಯಾರೂ ಇಲ್ಲ.

ಕಂಪ್ಯೂಟರ್ ಸೆಂಟರ್ ಒಂದರ ಮುಂಜಾನೆ ಹೊತ್ತು ನೆನಪು ಮಾಡಿಕೊಳ್ಳಿರಿ. ಬೆಳೆ ಸಾಲಕ್ಕೆ ಉತಾರ ಬೇಕು ಅಂತ ಇಬ್ಬರು, ಜಾತಿ–ಆದಾಯ ಪ್ರಮಾಣಪತ್ರಕ್ಕೆ ಒಬ್ಬರು, ಸ್ಕಾಲರ್‌ಶಿಪ್ ಅರ್ಜಿಗೆ ಒಬ್ಬ ಹುಡುಗಿ, ಕರೆಂಟ್ ಬಿಲ್ ಕಟ್ಟಲು ಇನ್ನೊಬ್ಬರು. ಎಲ್ಲರ ಕೆಲಸವೂ ಒಂದೇ ಬ್ರೌಸರ್‌ನಲ್ಲಿ ತೆರೆದಿರುತ್ತದೆ. ಮೇಲಿನ ಪಟ್ಟಿಯಲ್ಲಿ ಹನ್ನೆರಡು–ಹದಿನೈದು ಟ್ಯಾಬ್. ಯಾವುದು ಯಾರದು ಅಂತ ನೋಡಲು ಆಪರೇಟರ್ ಟ್ಯಾಬ್ ಮೇಲೆ ಮೌಸ್ ಇಡುತ್ತಾನೆ, ಕೆಳಗೆ ಪುಟದ ಸಣ್ಣ ಚಿತ್ರ ಮೂಡುತ್ತದೆ. ಇದಕ್ಕೆ ಥಂಬ್‌ನೇಲ್ ಪ್ರಿವ್ಯೂ ಎನ್ನುತ್ತಾರೆ. ಥಂಬ್‌ನೇಲ್ ಅಂದರೆ ಹೆಬ್ಬೆರಳಿನ ಉಗುರು. ಉಗುರಿನಷ್ಟು ಸಣ್ಣ ಚಿತ್ರ ಅಂತ ಅರ್ಥ.

ಈ ಚಿತ್ರ ಎಷ್ಟು ನಂಬಬಹುದು? ತಪ್ಪು ಟ್ಯಾಬಿನಿಂದ ಪ್ರಿಂಟ್ ಬಂದರೆ ಒಬ್ಬರ ಉತಾರ ಇನ್ನೊಬ್ಬರ ಕೈಗೆ ಹೋಗುತ್ತದೆ. ತಪ್ಪು ಅರ್ಜಿಗೆ ತಪ್ಪು ದಾಖಲೆ ಸೇರಿದರೆ ಕೊನೆ ದಿನಾಂಕ ದಾಟಿದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಸೆಂಟರ್ ನಡೆಸುವವರಿಗೂ, ಕೌಂಟರ್ ಮುಂದೆ ನಿಲ್ಲುವವರಿಗೂ, ಮನೆಯಲ್ಲಿ ಮೊಬೈಲ್ ಹಿಡಿದು ಅರ್ಜಿ ಹಾಕುವವರಿಗೂ ಬೇಕಾದ ಮಾಹಿತಿ ಇಲ್ಲಿದೆ.

ಈ ಚಿತ್ರ ಎಲ್ಲಿಂದ ಬರುತ್ತದೆ?

ಒಂದು ಟ್ಯಾಬ್ ಬಿಟ್ಟು ಇನ್ನೊಂದಕ್ಕೆ ಹೋದಾಗ ಬ್ರೌಸರ್ ಮೊದಲಿನ ಪುಟದ ಒಂದು ಫೋಟೊ ಇಟ್ಟುಕೊಳ್ಳುತ್ತದೆ. ಇಡೀ ಪುಟದ್ದಲ್ಲ, ಪರದೆ ಮೇಲೆ ಆಗ ಎಷ್ಟು ಕಾಣುತ್ತಿತ್ತೋ ಅಷ್ಟರದ್ದು. ಅದನ್ನು ಕುಗ್ಗಿಸಿ, ಮೌಸ್ ಬಂದಾಗ ತೋರಿಸುತ್ತದೆ. ಪುಟವನ್ನು ಕೆಳಗೆ ಸರಿಸಿ ಬಿಟ್ಟಿದ್ದರೆ ಕೆಳಗಿನ ಭಾಗವೇ ಚಿತ್ರದಲ್ಲಿ ಬರುತ್ತದೆ. ಮೇಲಿದ್ದ ಹೆಸರು, ಊರು ಬರುವುದಿಲ್ಲ.

ಚಿತ್ರದ ಜೊತೆ ಎರಡು ಅಕ್ಷರದ ಸಾಲೂ ಬರುತ್ತವೆ: ಪುಟದ ಶೀರ್ಷಿಕೆ ಮತ್ತು ಜಾಲತಾಣದ ಹೆಸರು. ಹೆಚ್ಚಿನವರು ಚಿತ್ರ ನೋಡಿ ಈ ಸಾಲು ಬಿಟ್ಟುಬಿಡುತ್ತಾರೆ. ಆದರೆ ಟ್ಯಾಬ್ ಪಟ್ಟಿಯಲ್ಲಿ ಅರ್ಧಕ್ಕೆ ಕತ್ತರಿಸಿಹೋದ ಶೀರ್ಷಿಕೆ ಇಲ್ಲಿ ಪೂರ್ತಿ ಕಾಣುತ್ತದೆ. ಎಷ್ಟೋ ಸಲ ಚಿತ್ರಕ್ಕಿಂತ ಈ ಸಾಲೇ ಕೆಲಸಕ್ಕೆ ಬರುತ್ತದೆ.

ಹೊಸದೇನಲ್ಲ, ಇಪ್ಪತ್ತು ವರ್ಷದ ಮಾತು

ಟ್ಯಾಬ್ ಬರುವುದಕ್ಕಿಂತ ಮೊದಲು ಒಂದೊಂದು ಪುಟಕ್ಕೆ ಒಂದೊಂದು ಕಿಟಕಿ ತೆರೆಯಬೇಕಿತ್ತು. ಟ್ಯಾಬ್ ಬಂದ ಮೇಲೆ ಎಲ್ಲ ಪುಟ ಒಂದೇ ಕಿಟಕಿಯಲ್ಲಿ ಸೇರಿದವು, ಸಂಗಡ ಗೊಂದಲವೂ ಸೇರಿತು. ಟ್ಯಾಬ್ ಹೆಚ್ಚಾದಷ್ಟೂ ಒಂದೊಂದರ ಅಗಲ ಕಡಿಮೆ ಆಗುತ್ತದೆ. ಕೊನೆಗೆ ಹೆಸರು ಹೋಗಿ ಜಾಲತಾಣದ ಸಣ್ಣ ಗುರುತು ಮಾತ್ರ ಉಳಿಯುತ್ತದೆ.

ಇದಕ್ಕೆ ಪರಿಹಾರ ಅಂತ ಬಂದಿದ್ದೇ ಸಣ್ಣ ಚಿತ್ರ. 2006ರ ಜೂನ್‌ನಲ್ಲಿ ಬಂದ ಒಪೆರಾ 9ರಲ್ಲಿ ಟ್ಯಾಬ್ ಮೇಲೆ ಮೌಸ್ ಇಟ್ಟರೆ ಪುಟದ ಚಿತ್ರ ಕಾಣುತ್ತಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರಲ್ಲಿ "ಕ್ವಿಕ್ ಟ್ಯಾಬ್ಸ್" ಅಂತ ಒಂದು ಗುಂಡಿ ಇತ್ತು. ಒತ್ತಿದರೆ ತೆರೆದ ಎಲ್ಲ ಪುಟಗಳ ಚಿತ್ರ ಸಾಲಾಗಿ ಬರುತ್ತಿದ್ದವು. ವಿಂಡೋಸ್ ವಿಸ್ಟಾ ಬಂದ ಮೇಲೆ ಪರದೆಯ ಕೆಳಗಿನ ಟಾಸ್ಕ್‌ಬಾರ್‌ನಲ್ಲೂ ಇಂಥ ಚಿತ್ರ ಶುರುವಾದವು.

2011ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 4ರಲ್ಲಿ "ಪನೋರಮಾ" ಅನ್ನುವ ಸೌಲಭ್ಯ ಇತ್ತು. ಟ್ಯಾಬ್‌ಗಳ ಚಿತ್ರಗಳನ್ನು ಮೇಜಿನ ಮೇಲೆ ಎಲೆ ಹರವಿದ ಹಾಗೆ ಹರವಿ, ಗುಂಪು ಮಾಡಿ ಇಡಬಹುದಿತ್ತು. ನೋಡಲು ಚೆಂದ ಇತ್ತು, ಬಳಸುವವರು ಕಡಿಮೆ ಇದ್ದರು. 2016ರಲ್ಲಿ ಫೈರ್‌ಫಾಕ್ಸ್ 45 ಬಂದಾಗ ಅದನ್ನು ತೆಗೆದರು. ಚಿತ್ರ ದೊಡ್ಡದಾಗಿ ತೋರಿಸಿದರೆ ಸಾಲದು, ಕೆಲಸ ನಿಲ್ಲಿಸದೆ ಕ್ಷಣದಲ್ಲಿ ಕಾಣಬೇಕು ಅನ್ನುವುದು ಇದರಿಂದ ಗೊತ್ತಾಗುವ ಪಾಠ.

ಕ್ರೋಮ್‌ನಲ್ಲಿ 2019ರ ಕೊನೆ ಹೊತ್ತಿಗೆ ಮೌಸ್ ಇಟ್ಟರೆ ಶೀರ್ಷಿಕೆಯ ಚೀಟಿ ಬರುವುದು ಶುರುವಾಯಿತು. ಚಿತ್ರ ಆಮೇಲೆ ಬಂತು. ಫೈರ್‌ಫಾಕ್ಸ್‌ನಲ್ಲಿ 2024ರ ಆಗಸ್ಟ್‌ನ 129ನೇ ಆವೃತ್ತಿಯಿಂದ ಮೌಸ್ ಇಟ್ಟ ಟ್ಯಾಬಿನ ಚಿತ್ರ ಕಾಣುತ್ತದೆ. ಬಿಟ್ಟವರು ಮತ್ತೆ ಹಿಡಿದಿದ್ದಾರೆ ಅಂದರೆ ಬೇಡಿಕೆ ಇದೆ ಅಂತಲೇ ಅರ್ಥ.

ಎಲ್ಲಿ ನಿಜವಾಗಿ ಉಪಯೋಗ?

ಒಂದು: ಪುಟಗಳು ಬೇರೆ ಬೇರೆ ರೂಪದಲ್ಲಿದ್ದಾಗ. ಒಂದು ಟ್ಯಾಬಿನಲ್ಲಿ ಯೂಟ್ಯೂಬ್, ಒಂದರಲ್ಲಿ ಬ್ಯಾಂಕ್, ಒಂದರಲ್ಲಿ ಉತಾರ, ಒಂದರಲ್ಲಿ ಕಾಲೇಜಿನ ಫಲಿತಾಂಶ ಇದ್ದರೆ ಬಣ್ಣ ನೋಡಿದ ಕೂಡಲೇ ಗುರುತು ಸಿಗುತ್ತದೆ. ಒಂದೊಂದೇ ಟ್ಯಾಬ್ ಒತ್ತಿ ತೆರೆದು ನೋಡುವ ತಾಪತ್ರಯ ಇಲ್ಲ.

ಎರಡು: ಶೀರ್ಷಿಕೆ ಓದಲು ಕಷ್ಟ ಇರುವವರಿಗೆ. ಪುಟದ ಒಳಗೆ ಕನ್ನಡ ಇದ್ದರೂ ಟ್ಯಾಬಿನ ಮೇಲಿನ ಶೀರ್ಷಿಕೆ ಬಹಳಷ್ಟು ಕಡೆ ಇಂಗ್ಲಿಷ್‌ನಲ್ಲೇ ಇರುತ್ತದೆ. ಇಂಗ್ಲಿಷ್ ಸರಿಯಾಗಿ ಬಾರದವರು "ಹಸಿರು ಪಟ್ಟಿ ಇರೋದು", "ಮ್ಯಾಲ ಫೋಟೊ ಇರೋದು" ಅಂತ ರೂಪದಿಂದಲೇ ಹಿಡಿಯುತ್ತಾರೆ. ಅವರಿಗೆ ಸಣ್ಣ ಚಿತ್ರ ದೊಡ್ಡ ಅನುಕೂಲ.

ಮೂರು: ಇದ್ದ ಪುಟ ಬಿಡದೆ ಇಣುಕಿ ನೋಡಲು. ಫಾರ್ಮ್ ತುಂಬುತ್ತಿರುವಾಗ ಇನ್ನೊಂದು ಟ್ಯಾಬಿನಲ್ಲಿ ಪುಟ ಎಲ್ಲಿಗೆ ನಿಂತಿತ್ತು ಅಂತ ನೋಡಬೇಕಾದರೆ ಮೌಸ್ ಇಟ್ಟರೆ ಸಾಕು.

ನಾಲ್ಕು: ಗೊತ್ತಿಲ್ಲದೆ ತೆರೆದುಕೊಂಡ ಜಾಹೀರಾತಿನ ಟ್ಯಾಬ್ ಹಿಡಿಯಲು. ಅದರ ಶೀರ್ಷಿಕೆ ಏನೇ ಇರಲಿ, ಒಂದು ಸಲ ಪರದೆ ಮೇಲೆ ಬಂದು ಹೋಗಿದ್ದರೆ ಚಿತ್ರದಲ್ಲಿ ಬಣ್ಣ ಬಯಲಾಗುತ್ತದೆ.

ಎಲ್ಲಿ ಮೋಸ? ಒಂದೇ ರೂಪದ ಪುಟದಲ್ಲಿ

ಈಗ ನಾಗನೂರಿಗೆ ವಾಪಸ್ ಬರೋಣ. ಉತಾರ, ಅಂದರೆ ಪಹಣಿ, ನೋಡಬೇಕಾದರೆ ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಬೇಕು. ಸರ್ವೆ ನಂಬರ್ ಊರಿಂದ ಊರಿಗೆ ಬೇರೆ ಲೆಕ್ಕ. ಪ್ರತಿ ಗ್ರಾಮದಲ್ಲೂ 1ರಿಂದ ಶುರು. ಅಂದರೆ ಮೂಡಲಗಿ ತಾಲೂಕಿನ ನಾಗನೂರಿನಲ್ಲಿ 45 ಇದ್ದರೆ, ಹುಕ್ಕೇರಿ ಕಡೆಯ ನಾಗನೂರಿನಲ್ಲೂ 45 ಇರಬಹುದು. ಊರಿನ ಹೆಸರು ಒಂದೇ, ನಂಬರ್ ಒಂದೇ, ತಾಲೂಕು ಮಾತ್ರ ಬೇರೆ, ಹೊಲ ಮಾತ್ರ ಬೇರೆ.

ಎರಡೂ ಉತಾರ ಎರಡು ಟ್ಯಾಬಿನಲ್ಲಿ ಇದ್ದವು ಅನ್ನಿ. ಸಣ್ಣ ಚಿತ್ರದಲ್ಲಿ ಎರಡೂ ಅವಳಿ–ಜವಳಿ. ಅದೇ ಮನೆಮನೆಯ ಕೋಷ್ಟಕ, ಅದೇ ಗೆರೆ, ಅದೇ ಬಿಳಿ ಜಾಗ. ತಾಲೂಕಿನ ಹೆಸರು ಇರುವುದು ಮೇಲಿನ ಒಂದು ಸಾಲಿನಲ್ಲಿ.

ಆ ಸಾಲು ಯಾಕೆ ಓದಲು ಬರುವುದಿಲ್ಲ ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಪರದೆ 1366 ಪಿಕ್ಸೆಲ್ ಅಗಲ. ಅದನ್ನು 280 ಪಿಕ್ಸೆಲ್ ಅಗಲದ ಚಿತ್ರಕ್ಕೆ ಇಳಿಸಿದರೆ ಎಲ್ಲವೂ ಸುಮಾರು ಐದನೇ ಒಂದು ಪಾಲು ಆಗುತ್ತದೆ. 16 ಪಿಕ್ಸೆಲ್ ಎತ್ತರದ ಅಕ್ಷರ 3 ಪಿಕ್ಸೆಲ್‌ಗೆ ಬರುತ್ತದೆ. ಇಂಗ್ಲಿಷ್ ಅಕ್ಷರವೇ ಅಷ್ಟರಲ್ಲಿ ಕಾಣುವುದಿಲ್ಲ. ಕನ್ನಡಕ್ಕೆ ಕೊಂಬು, ಗುಡಿಸು, ಒತ್ತು ಎಲ್ಲ ಬೇಕು. "ಹುಕ್ಕೇರಿ"ಯ ಕ ಒತ್ತು ಮೂರು ಪಿಕ್ಸೆಲ್‌ನಲ್ಲಿ ಎಲ್ಲಿ ಕೂಡಬೇಕು? ಕಾಣುವುದು ಒಂದು ಬೂದು ಗೆರೆ ಅಷ್ಟೇ.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕರು 2002ರಷ್ಟು ಹಿಂದೆಯೇ ಶೀರ್ಷಿಕೆ, ವಿಳಾಸ ಮತ್ತು ಸಣ್ಣ ಚಿತ್ರ ಈ ಮೂರನ್ನೂ ಬೇರೆ ಬೇರೆ ಅಳತೆಯಲ್ಲಿ ತೋರಿಸಿ, ಜನ ಮೊದಲು ನೋಡಿದ ಪುಟವನ್ನು ಎಷ್ಟು ಗುರುತು ಹಿಡಿಯುತ್ತಾರೆ ಅಂತ ಪರೀಕ್ಷೆ ಮಾಡಿದ್ದರು. ಅಳತೆ ಕಡಿಮೆ ಆದಷ್ಟೂ ಗುರುತು ಕಷ್ಟ ಆಗುತ್ತದೆ ಅನ್ನುವುದೇ ಅದರ ಸಾರ. ಬಳಸುವವರ ಅನುಭವವೂ ಅದೇ: ಯಾವ ಜಾಲತಾಣ ಅಂತ ಸಣ್ಣ ಚಿತ್ರದಲ್ಲಿ ಗೊತ್ತಾಗುತ್ತದೆ, ಅದರೊಳಗೆ ಯಾರ ಪುಟ ಅಂತ ಗೊತ್ತಾಗುವುದಿಲ್ಲ.

ಸ್ಕಾಲರ್‌ಶಿಪ್ ಅರ್ಜಿ, ಆದಾಯ ಪ್ರಮಾಣಪತ್ರ, ಪರೀಕ್ಷಾ ಶುಲ್ಕ, ಎಲ್ಲ ಕಡೆ ಕತೆ ಇದೇ. ಒಂದೇ ಪೋರ್ಟಲ್‌ನಲ್ಲಿ ಮೂವರ ಅರ್ಜಿ ತೆರೆದರೆ ಮೂರು ಚಿತ್ರವೂ ಒಂದೇ, ಮೂರು ಶೀರ್ಷಿಕೆಯೂ ಒಂದೇ.

ಇನ್ನೊಂದು ಮಾತು. ಒಂದೇ ಬ್ರೌಸರ್‌ನಲ್ಲಿ ಒಂದು ಪೋರ್ಟಲ್‌ಗೆ ಸಾಮಾನ್ಯವಾಗಿ ಒಬ್ಬರದೇ ಲಾಗಿನ್ ನಡೆಯುತ್ತದೆ. ಮೊದಲ ಟ್ಯಾಬಿನಲ್ಲಿ ಅಣ್ಣನ ಲಾಗಿನ್, ಎರಡನೇ ಟ್ಯಾಬಿನಲ್ಲಿ ತಂಗಿಯ ಲಾಗಿನ್ ಮಾಡಿದರೆ, ಮೊದಲ ಟ್ಯಾಬಿನ ಚಿತ್ರದಲ್ಲಿ ಅಣ್ಣನ ಪುಟ ಕಂಡರೂ ಒಳಗೆ ತಂಗಿಯ ಲಾಗಿನ್ ಓಡುತ್ತಿರಬಹುದು. ಅಲ್ಲಿ "ಸಬ್‌ಮಿಟ್" ಒತ್ತಿದರೆ ಯಾರ ಲೆಕ್ಕಕ್ಕೆ ಹೋಗುತ್ತದೆ ಅನ್ನುವುದು ಚಿತ್ರದಲ್ಲಿ ಕಾಣುವುದಿಲ್ಲ.

ಕರೆಂಟ್ ಬಿಲ್ಲಿನಲ್ಲಿ ಬೇರೆ ಲೆಕ್ಕ

ಬಿಲ್ ಕಟ್ಟುವಾಗ ಮಾತ್ರ ಸಣ್ಣ ಚಿತ್ರ ಎರಡು ನಾಗನೂರನ್ನು ಬೇರೆ ಮಾಡಿ ತೋರಿಸಬಹುದು. ಮೂಡಲಗಿ ಭಾಗದ ಬಿಲ್ ಹೆಸ್ಕಾಂನದು. ಹುಕ್ಕೇರಿ ಭಾಗದಲ್ಲಿ ಕರೆಂಟ್ ಕೊಡುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಸಂಸ್ಥೆ ಬೇರೆ, ಗ್ರಾಹಕ ಸಂಖ್ಯೆಯ ಲೆಕ್ಕ ಬೇರೆ. ಬಿಲ್ ನೋಡುವ ಪುಟವೂ ಬೇರೆಯಾಗಿದ್ದರೆ ಚಿತ್ರದಲ್ಲಿ ಬಣ್ಣದಿಂದಲೇ ತಿಳಿಯುತ್ತದೆ. ಆದರೆ ಫೋನ್‌ಪೇ, ಗೂಗಲ್ ಪೇ ತರದ ಆ್ಯಪ್‌ನಲ್ಲಿ ಕಟ್ಟುವಾಗ ಎಲ್ಲ ಸಂಸ್ಥೆಗೂ ಒಂದೇ ರೂಪದ ಪುಟ. ಅಲ್ಲಿ ಸಂಸ್ಥೆಯ ಹೆಸರು, ಗ್ರಾಹಕರ ಹೆಸರು ಓದಿಯೇ ಹಣ ಕಳಿಸಬೇಕು.

ಚಿತ್ರ ಹಳೇದಿರಬಹುದು

ಸಣ್ಣ ಚಿತ್ರ ಕನ್ನಡಿ ಅಲ್ಲ, ಫೋಟೊ. ಟ್ಯಾಬ್ ಬಿಟ್ಟು ಹೋದಾಗ ಇದ್ದದ್ದು ಅದರಲ್ಲಿರುತ್ತದೆ, ಈಗ ಇರುವುದಲ್ಲ. ಹಣ ಕಟ್ಟಿದ ಪುಟ "ಪ್ರೊಸೆಸಿಂಗ್" ಅಂತ ತಿರುಗುತ್ತಿರುವಾಗ ಇನ್ನೊಂದು ಟ್ಯಾಬಿಗೆ ಹೋದರೆ, ಹತ್ತು ನಿಮಿಷ ಆದ ಮೇಲೂ ಚಿತ್ರದಲ್ಲಿ ಅದೇ ತಿರುಗುವ ಗಾಲಿ ಇರಬಹುದು. ಒಳಗೆ ಹಣ ಹೋಗಿ ರಸೀದಿ ಬಂದಿರಬಹುದು. ಚಿತ್ರ ನಂಬಿ "ಆಗಿಲ್ಲ" ಅಂತ ಮತ್ತೆ ಕಟ್ಟಿದರೆ ಎರಡು ಸಲ ಹಣ ಹೋಗುತ್ತದೆ. ಹಣದ ವಿಷಯದಲ್ಲಿ ಟ್ಯಾಬ್ ತೆರೆದು ನೋಡಲೇಬೇಕು. ಸಂಶಯ ಇದ್ದರೆ ಬ್ಯಾಂಕಿನ ಮೆಸೇಜ್, ಪಾಸ್‌ಬುಕ್ ನೋಡಿ ಮುಂದುವರಿಯಬೇಕು.

ಇನ್ನೊಂದು, ಟ್ಯಾಬ್ ಮಲಗುವುದು. ಕಂಪ್ಯೂಟರಿನ ಮೆಮೊರಿ ಉಳಿಸಲು ಬ್ರೌಸರ್ ಬಹಳ ಹೊತ್ತು ಮುಟ್ಟದ ಟ್ಯಾಬನ್ನು ಒಳಗಿಂದ ಖಾಲಿ ಮಾಡುತ್ತದೆ. ಕ್ರೋಮ್‌ನಲ್ಲಿ 2023ರಿಂದ ಇದಕ್ಕೆ "ಮೆಮೊರಿ ಸೇವರ್" ಅಂತ ಹೆಸರಿದೆ. ಟ್ಯಾಬ್ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಒತ್ತಿದಾಗ ಪುಟ ಮೊದಲಿಂದ ಲೋಡ್ ಆಗುತ್ತದೆ. ಅರ್ಧ ತುಂಬಿದ ಫಾರ್ಮ್ ಇರುವ ಟ್ಯಾಬನ್ನು ಮಲಗಿಸದಂತೆ ಕ್ರೋಮ್ ನೋಡಿಕೊಳ್ಳುತ್ತದೆ. ಆದರೆ ಪೋರ್ಟಲ್‌ನ ಸಮಯ ಮೀರಿ ಲಾಗೌಟ್ ಆಗುವುದನ್ನು ಬ್ರೌಸರ್ ತಡೆಯಲಾರದು. ಚಿತ್ರದಲ್ಲಿ ತುಂಬಿದ ಫಾರ್ಮ್ ಕಾಣುತ್ತದೆ, ಒಳಗೆ ಹೋದರೆ "ಸೆಷನ್ ಎಕ್ಸ್‌ಪೈರ್ಡ್". ಅದಕ್ಕೇ ಫಾರ್ಮ್‌ನಲ್ಲಿ "ಸೇವ್ ಡ್ರಾಫ್ಟ್" ಇದ್ದರೆ ಟ್ಯಾಬ್ ಬಿಡುವ ಮೊದಲು ಒತ್ತಿರಿ.

ಹಿಂದೆ ನಿಂತವರ ಕಣ್ಣು

ಸೆಂಟರ್‌ನಲ್ಲಿ ಪರದೆ ನೋಡುವವರು ಆಪರೇಟರ್ ಒಬ್ಬರೇ ಅಲ್ಲ. ಸರದಿಯಲ್ಲಿ ನಿಂತ ನಾಲ್ಕು ಮಂದಿಯ ಕಣ್ಣೂ ಅದರ ಮೇಲೆ. ಮುಂದಿನವರ ಟ್ಯಾಬ್ ಹುಡುಕಲು ಮೌಸ್ ಎಳೆದಾಗ ಹಿಂದಿನವರ ಫೋಟೊ, ಬ್ಯಾಂಕಿನ ಪುಟ, ಆಸ್ಪತ್ರೆಯ ವರದಿ ಒಂದೊಂದಾಗಿ ಮೂಡಿ ಹೋಗುತ್ತವೆ. ಅಕ್ಷರ ಓದಲು ಬಾರದಿದ್ದರೂ ಮುಖ ಗುರುತು ಸಿಗುತ್ತದೆ, ಯಾವ ಪುಟ ಅಂತ ಗೊತ್ತಾಗುತ್ತದೆ. ಸಣ್ಣ ಊರಲ್ಲಿ ಅಷ್ಟು ಗೊತ್ತಾದರೆ ಸಾಕು, ಸಂಜೆ ಕಟ್ಟಿ ಮೇಲೆ ಮಾತು ಬರುತ್ತದೆ. ಯಾರು ಸಾಲಕ್ಕೆ ಅರ್ಜಿ ಹಾಕಿದರು, ಯಾರ ಹೊಲದ ಉತಾರ ಯಾರು ತೆಗೆಸಿದರು ಅನ್ನುವುದು ಮನೆತನದ ಜಗಳಕ್ಕೂ ದಾರಿ ಆಗಬಹುದು.

ಹಾಗಾಗಿ ಜನ ನೋಡುವ ಕಂಪ್ಯೂಟರಿನಲ್ಲಿ ಚಿತ್ರ ಬಂದ್ ಮಾಡಿ ಇಡುವುದೇ ಒಳ್ಳೆಯದು. ಮನೆಯ ಸ್ವಂತ ಕಂಪ್ಯೂಟರಿನಲ್ಲಿ ಚಾಲೂ ಇರಲಿ.

ಚಾಲೂ–ಬಂದ್ ಮಾಡುವುದು ಹೇಗೆ?

ಕ್ರೋಮ್: ಬಲಗಡೆ ಮೇಲಿನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿರಿ. "ಅಪಿಯರೆನ್ಸ್" ಭಾಗದಲ್ಲಿ ಟ್ಯಾಬ್ ಹೋವರ್ ಕಾರ್ಡ್ ಬಗ್ಗೆ ಎರಡು ಗುಂಡಿ ಇವೆ. ಒಂದು ಪ್ರಿವ್ಯೂ ಚಿತ್ರ ತೋರಿಸಲು, ಇನ್ನೊಂದು ಆ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ತೋರಿಸಲು. ಚಿತ್ರದ ಗುಂಡಿ ಬಂದ್ ಮಾಡಿದರೂ ಶೀರ್ಷಿಕೆಯ ಚೀಟಿ ಬರುತ್ತದೆ.

ಫೈರ್‌ಫಾಕ್ಸ್: ಮೂರು ಗೆರೆ ಒತ್ತಿ ಸೆಟ್ಟಿಂಗ್ಸ್, ಅಲ್ಲಿ "ಟ್ಯಾಬ್ಸ್" ಭಾಗ. ಮೌಸ್ ಇಟ್ಟಾಗ ಚಿತ್ರ ತೋರಿಸುವ ಆಯ್ಕೆಯ ಮುಂದಿನ ಟಿಕ್ ಹಾಕಬಹುದು, ತೆಗೆಯಬಹುದು.

ಎಡ್ಜ್: ಸೆಟ್ಟಿಂಗ್ಸ್‌ನ "ಅಪಿಯರೆನ್ಸ್" ಭಾಗದಲ್ಲಿ ಟ್ಯಾಬ್ ಪ್ರಿವ್ಯೂ ಆಯ್ಕೆ ನೋಡಿರಿ.

ಆವೃತ್ತಿ ಬದಲಾದ ಹಾಗೆ ಈ ಹೆಸರುಗಳ ಜಾಗ ಸ್ವಲ್ಪ ಆಚೀಚೆ ಆಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್ ಮೇಲಿನ ಹುಡುಕುವ ಪಟ್ಟಿಯಲ್ಲಿ "ಟ್ಯಾಬ್" ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಬರುತ್ತದೆ.

ಮೊಬೈಲ್‌ನಲ್ಲಿ ಬೇರೆ ದಾರಿ

ಮೊಬೈಲ್‌ನಲ್ಲಿ ಮೌಸ್ ಇಲ್ಲ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಒಂದು ಚೌಕದೊಳಗೆ ಸಂಖ್ಯೆ ಕಾಣುತ್ತದೆ, ಅದು ತೆರೆದ ಟ್ಯಾಬ್‌ಗಳ ಲೆಕ್ಕ. ಅದನ್ನು ಒತ್ತಿದರೆ ಎಲ್ಲ ಟ್ಯಾಬ್‌ಗಳ ಚಿತ್ರ ಜೋಡಿ ಜೋಡಿಯಾಗಿ ಬರುತ್ತವೆ. ಪರದೆ ಸಣ್ಣದಿದ್ದರೂ ಪುಟವನ್ನು ಕುಗ್ಗಿಸುವುದು ಕಡಿಮೆ, ಆದ್ದರಿಂದ ಇಲ್ಲಿ ಚಿತ್ರ ಕಂಪ್ಯೂಟರಿಗಿಂತ ಚೆನ್ನಾಗಿ ಕಾಣುತ್ತದೆ. ಬೇಡವಾದದ್ದನ್ನು ಪಕ್ಕಕ್ಕೆ ಸರಿಸಿದರೆ ಮುಚ್ಚುತ್ತದೆ.

ಎಷ್ಟೋ ಮಂದಿ ಟ್ಯಾಬ್ ಮುಚ್ಚುವುದೇ ಇಲ್ಲ. ನೂರು ದಾಟಿದರೆ ಆ ಚೌಕದಲ್ಲಿ ಸಂಖ್ಯೆ ಹೋಗಿ ನಗುವ ಮುಖದ ಗುರುತು ಬರುತ್ತದೆ. ಫೋನ್ ಕೆಟ್ಟಿತು ಅಂತ ಗಾಬರಿ ಬೇಡ, ಟ್ಯಾಬ್ 99ಕ್ಕಿಂತ ಹೆಚ್ಚಾಗಿವೆ ಅಂತ ಅರ್ಥ.

ಒಂದೇ ಫೋನ್ ಮನೆಮಂದಿ ಎಲ್ಲ ಬಳಸುವಲ್ಲಿ ಜೋಪಾನ ಇರಲಿ. ಆ ಚೌಕ ಒತ್ತಿದರೆ ನೀವು ಬಿಟ್ಟು ಬಂದ ಬ್ಯಾಂಕಿನ ಪುಟವೂ ಚಿತ್ರವಾಗಿ ಕಾಣುತ್ತದೆ. ಇನ್‌ಕಾಗ್ನಿಟೊ ಟ್ಯಾಬ್ ಬಳಸಿದರೆ ಅದನ್ನು ಬೆರಳಚ್ಚಿನಿಂದ ಲಾಕ್ ಮಾಡುವ ಆಯ್ಕೆ ಕ್ರೋಮ್‌ನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿದೆ.

ಚಿತ್ರಕ್ಕಿಂತ ನೆಚ್ಚಬಹುದಾದ ದಾರಿಗಳು

1. ಒಬ್ಬರಿಗೆ ಒಂದು ಕಿಟಕಿ. ಹೊಸ ಗ್ರಾಹಕರು ಬಂದಾಗ ಕಂಟ್ರೋಲ್ ಮತ್ತು ಎನ್ ಒತ್ತಿ ಹೊಸ ಕಿಟಕಿ ತೆರೆಯಿರಿ. ಅವರ ಕೆಲಸವೆಲ್ಲ ಅದರಲ್ಲೇ ಮಾಡಿರಿ, ಮುಗಿದ ಮೇಲೆ ಕಿಟಕಿಯನ್ನೇ ಮುಚ್ಚಿರಿ. ಆಲ್ಟ್ ಮತ್ತು ಟ್ಯಾಬ್ ಕೀ ಒತ್ತಿದರೆ ಕಿಟಕಿಗಳ ಚಿತ್ರ ದೊಡ್ಡದಾಗಿ ಬರುತ್ತವೆ.

2. ಗುಂಪಿಗೆ ಹೆಸರು. ಕ್ರೋಮ್‌ನಲ್ಲಿ 2020ರಿಂದ ಟ್ಯಾಬ್ ಗುಂಪು ಮಾಡುವ ಸೌಲಭ್ಯ ಇದೆ. ಟ್ಯಾಬ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಹೊಸ ಗುಂಪಿಗೆ ಸೇರಿಸಿ, "ಟೋಕನ್ 7" ಅಂತ ಹೆಸರು ಕೊಟ್ಟು ಬಣ್ಣ ಹಾಕಿರಿ. ಗ್ರಾಹಕರ ಹೆಸರು, ಆಧಾರ್ ಸಂಖ್ಯೆ ಹಾಕಬೇಡಿರಿ.

3. ಹುಡುಕುವುದು. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎ ಒಟ್ಟಿಗೆ ಒತ್ತಿದರೆ ತೆರೆದ ಟ್ಯಾಬ್‌ಗಳ ಪಟ್ಟಿ ಬರುತ್ತದೆ, ಹೆಸರು ಟೈಪ್ ಮಾಡಿ ಹುಡುಕಬಹುದು. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಟ್ಟಿಯಲ್ಲಿ ಶೇಕಡಾ ಗುರುತು ಹಾಕಿ ಒಂದು ಜಾಗ ಬಿಟ್ಟು ಟೈಪ್ ಮಾಡಿದರೆ ತೆರೆದ ಟ್ಯಾಬ್‌ಗಳಲ್ಲೇ ಹುಡುಕುತ್ತದೆ.

4. ತಪ್ಪಿ ಮುಚ್ಚಿದರೆ. ಕಂಟ್ರೋಲ್, ಶಿಫ್ಟ್, ಟಿ ಒತ್ತಿದರೆ ಕೊನೆಗೆ ಮುಚ್ಚಿದ ಟ್ಯಾಬ್ ಮತ್ತೆ ತೆರೆಯುತ್ತದೆ. ಈ ಧೈರ್ಯ ಇದ್ದರೆ ಟ್ಯಾಬ್ ಕೂಡಿಹಾಕುವ ಚಟ ಕಡಿಮೆ ಆಗುತ್ತದೆ. ಆದರೆ ಅರ್ಧ ತುಂಬಿದ ಫಾರ್ಮ್ ವಾಪಸ್ ಬರುತ್ತದೆ ಅಂತ ನಂಬಬೇಡಿರಿ.

5. ಗೆಸ್ಟ್ ಕಿಟಕಿ. ಗ್ರಾಹಕರ ಸ್ವಂತ ಲಾಗಿನ್ ಇರುವ ಕೆಲಸಕ್ಕೆ ಕ್ರೋಮ್‌ನ ಗೆಸ್ಟ್ ಮೋಡ್ ಬಳಸಿರಿ. ಗೆಸ್ಟ್ ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ ಇತಿಹಾಸ, ಲಾಗಿನ್ ಉಳಿಯುವುದಿಲ್ಲ. ಡೌನ್‌ಲೋಡ್ ಆದ ಫೈಲ್ ಮಾತ್ರ ಕಂಪ್ಯೂಟರಿನಲ್ಲೇ ಇರುತ್ತದೆ, ಅದನ್ನು ಕೈಯಾರೆ ಅಳಿಸಬೇಕು.

6. ಪ್ರಿಂಟ್ ಮೊದಲು ದೊಡ್ಡ ಚಿತ್ರ. ಕಂಟ್ರೋಲ್ ಮತ್ತು ಪಿ ಒತ್ತಿದಾಗ ಬರುವ ಪ್ರಿಂಟ್ ಪ್ರಿವ್ಯೂ ಓದಬಹುದಾದಷ್ಟು ದೊಡ್ಡದಿರುತ್ತದೆ. ನಿಜವಾಗಿ ನೋಡಬೇಕಾದ ಪ್ರಿವ್ಯೂ ಅಂದರೆ ಇದೇ.

ಕೌಂಟರ್ ಮುಂದೆ ನಿಂತವರು ಏನು ನೋಡಬೇಕು?

ಆಪರೇಟರ್ ಬೇಕಂತ ತಪ್ಪು ಮಾಡುವುದಿಲ್ಲ. ಸರದಿ ಉದ್ದ ಇರುತ್ತದೆ, ಸರ್ವರ್ ನಿಧಾನ ಇರುತ್ತದೆ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಆದರೆ ತಪ್ಪಾದ ಮೇಲೆ ಮೂಡಲಗಿಗೋ ಹುಕ್ಕೇರಿಗೋ ಎರಡನೇ ಸಲ ಬಸ್ ಹತ್ತುವವರು ಗ್ರಾಹಕರೇ. ಹಾಗಾಗಿ ದುಡ್ಡು ಕೊಡುವ ಮೊದಲು "ಅಣ್ಣಾ, ಸ್ವಲ್ಪ ದೊಡ್ಡದು ಮಾಡಿ ತೋರಸ್ರಿ" ಅಂತ ಕೇಳಲು ಸಂಕೋಚ ಬೇಡ. ಕಂಟ್ರೋಲ್ ಮತ್ತು ಪ್ಲಸ್ ಒತ್ತಿದರೆ ಪುಟ ದೊಡ್ಡದಾಗುತ್ತದೆ, ಅರ್ಧ ನಿಮಿಷದ ಕೆಲಸ.

ಉತಾರ ಆದರೆ ಮೊದಲು ತಾಲೂಕು ನೋಡಿರಿ. ನಾಗನೂರಿನವರಿಗೆ ಇದೇ ಮುಖ್ಯ. ಆಮೇಲೆ ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್. 45/1 ಮತ್ತು 45/2 ಅಣ್ಣ–ತಮ್ಮಂದಿರ ಹೊಲ ಆಗಿರಬಹುದು, ಉತಾರ ಬೇರೆ ಬೇರೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ–ಹಕ್ಕುಗಳ ವಿವರ ಇರುತ್ತದೆ. ಯಾವ ವರ್ಷದ ಉತಾರ ಅಂತಲೂ ನೋಡಿರಿ.

ಅರ್ಜಿ ಆದರೆ ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ. ಅಪ್‌ಲೋಡ್ ಮಾಡಿದ ದಾಖಲೆಯನ್ನು ಒಂದು ಸಲ ತೆರೆದು ತೋರಿಸಲು ಹೇಳಿರಿ. ಫೈಲಿನ ಹೆಸರು ಸರಿ ಇದ್ದು ಒಳಗಿನ ಕಾಗದ ಬೇರೆಯವರದಿರಬಹುದು. ಅರ್ಜಿ ಸಂಖ್ಯೆ ಬಂದ ಮೇಲೆ ಫೋನ್‌ನಲ್ಲಿ ಫೋಟೊ ತೆಗೆದುಕೊಳ್ಳಿರಿ.

ಬಿಲ್ ಆದರೆ ಹೆಸ್ಕಾಂ ಇದೆಯೋ ಸಹಕಾರಿ ಸಂಘ ಇದೆಯೋ, ಪರದೆ ಮೇಲಿನ ಹೆಸರು ನಿಮ್ಮದೋ ಅಲ್ಲವೋ, ಅಷ್ಟು ನೋಡಿದರೆ ಸಾಕು.

ಒಟ್ಟಿನಲ್ಲಿ, ಟ್ಯಾಬ್ ಮೇಲಿನ ಸಣ್ಣ ಚಿತ್ರ ದಾರಿ ತೋರುವ ಕಲ್ಲು ಇದ್ದ ಹಾಗೆ. ಯಾವ ಕಡೆ ಹೋಗಬೇಕು ಅಂತ ಹೇಳುತ್ತದೆ, ಊರೊಳಗಿನ ಮನೆ ತೋರಿಸುವುದಿಲ್ಲ. ಟ್ಯಾಬ್ ಹುಡುಕಲು ಅದನ್ನು ಬಳಸಿರಿ. ಹಣ, ಹೊಲ, ಅರ್ಜಿಯ ವಿಷಯ ಬಂದಾಗ ಟ್ಯಾಬ್ ತೆರೆದು, ದೊಡ್ಡದು ಮಾಡಿ, ಓದಿ, ಆಮೇಲೆ ಗುಂಡಿ ಒತ್ತಿರಿ. ಯಾವ ನಾಗನೂರ ಅನ್ನುವ ಪ್ರಶ್ನೆಯನ್ನು ಕಂಪ್ಯೂಟರ್ ಕೇಳುವುದಿಲ್ಲ, ನಾವೇ ಕೇಳಬೇಕು.